ಕೊಂಬೆ ಕಟ್ಟಿದ ಮನೆ

ಬಾಕಿಯೊ
೧೧ ಮೇ ೧೯೪೭

ಮಿಲಿಯಾಳ ಅಪ್ಪನಿಗೆ,

ಎದೆಯ ಕೆಮ್ಮು ಹೇಗಿದೆ? ಗಡಿಯಾಚೆಯ ಆ ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಉಪ್ಪುನೀರಿನಲ್ಲಿ ನಿಂತರೆ ಕೆಮ್ಮು ಬಿಡುವುದಾದರೂ ಹೇಗೆ? ಕಾಲು ಬೆಚ್ಚಗಿಟ್ಟುಕೊಳ್ಳಿ ಎಂದರೆ ನೀವು ಕೇಳುವವರಲ್ಲ. ಈ ಪತ್ರ ತರುವ ದೋಣಿಯವನ ಕೈಯಲ್ಲಿ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಹಾಕಿಕೊಳ್ಳಿ, ಗೆಳೆಯರಿಗೆ ದಾನ ಮಾಡಬೇಡಿ. ನಾನು ಗಟ್ಟಿಯಾಗಿದ್ದೇನೆ. ನೀವು ಇನ್ನೂ ಕಣ್ಣಿಂದ ನೋಡದ ಮಗಳಿಗೆ ಒಂಬತ್ತು ತುಂಬಿದೆ. ಮುಖ ನಿಮ್ಮದು, ಹಟ ನಿಮ್ಮಪ್ಪನದು. ಮಾವ ಪಕ್ಕದಲ್ಲೇ ಕೂತಿದ್ದಾರೆ, ಓದು ಬಾರದ ಮನುಷ್ಯ, ಬರೆದದ್ದನ್ನೆಲ್ಲ ಓದಿ ಹೇಳಬೇಕು. ಈ ಹಟದ ಮಾತನ್ನೂ ಓದಿ ಬೈಸಿಕೊಂಡೆ. ಬಳ್ಳಿಯ ಸುದ್ದಿ ಬಿಟ್ಟು ಕೆಮ್ಮಿನ ಪುರಾಣ ಯಾಕೆ ಎನ್ನುತ್ತಿದ್ದಾರೆ.

ಸರಿ, ಬಳ್ಳಿಯ ಸುದ್ದಿ. ಬಳ್ಳಿಗೆ ಸಿಂಪಡಿಸಲು ಮೈಲುತುತ್ತ ಎಲ್ಲೂ ಸಿಗುತ್ತಿಲ್ಲ. ಸಮುದ್ರದ ಕಡೆಯ ಚಪ್ಪರದಲ್ಲಿ ಬಿಳಿ ಹೊಂದರಾಬಿ ದ್ರಾಕ್ಷಿಯ ಎಲೆಗೆ ಬೂಜು ಹತ್ತಿದೆ, ಕಪ್ಪು ಹೊಂದರಾಬಿ ಇನ್ನೂ ತಡೆದುಕೊಂಡಿದೆ. ಹೋದ ಕೊಯ್ಲಿನಲ್ಲೂ ಬಿಳಿ ಕಡಿಮೆಯಾಗಿ ಕಪ್ಪೇ ಹೆಚ್ಚು ಬಿದ್ದದ್ದರಿಂದ ಈ ಸಲದ ಚಾಕೋಲಿ ವೈನು ಹುಂಜದ ಕಣ್ಣಿಗಿಂತ ತುಸು ಕೆಂಪಗಿದೆ. ಹುಳಿ ಮಾತ್ರ ಎಂದಿನದೇ. ಪಾದ್ರಿಗಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅದು ಪ್ರಾರ್ಥನೆಯೋ ಸಂಕಟವೋ ನನಗೆ ತಿಳಿಯಲಿಲ್ಲ.

ಈಸ್ಟರ್ ಕಳೆದ ಮೇಲೆ ಮಾವ ಪೀಪಾಯಿ ತೆರೆದು ಬಾಗಿಲ ಮೇಲೆ ಲಾರೆಲ್ ಕೊಂಬೆ ಕಟ್ಟಿದರು. ಕೊಂಬೆ ಕಟ್ಟಿದ ಮೇಲೆ ಪೀಪಾಯಿ ಬರಿದಾಗುವ ತನಕ ಯಾರಿಗೂ ಇಲ್ಲ ಎನ್ನುವಂತಿಲ್ಲವಲ್ಲ. ಹೋದ ಭಾನುವಾರ ಗಿರಣಿ ಮನೆಯ ಲೂಕಾಸ್ ಬಂದು ಬೆಂಚಿನ ಮೇಲೆ ಕೂತ. ಹತ್ತು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ಪೊಲೀಸರಿಗೆ ನಿಮ್ಮ ಹೆಸರು ಹೇಳಿ ನೀವು ಗಡಿ ದಾಟಿ ಓಡುವಂತೆ ಮಾಡಿದ ಅದೇ ಲೂಕಾಸ್. ನನಗೆ ಮೈಯೆಲ್ಲ ಉರಿಯಿತು. ಮಾವ ನನ್ನ ಕೈಯಿಂದ ಹೂಜಿ ತೆಗೆದುಕೊಂಡು ತಾವೇ ಬಗ್ಗಿಸಿಕೊಟ್ಟರು, ಉಪ್ಪುಮೀನು, ಮೆಕ್ಕೆಜೋಳದ ರೊಟ್ಟಿ ಇಟ್ಟರು. ಅವನು ಹೋದ ಮೇಲೆ, "ಕೊಂಬೆ ಕೆಳಗೆ ಉಂಡೋನು ಉಂಡ ಮನೆಗೆ ಎರಡು ಬಗೆಯಲ್ಲ ಕಣಮ್ಮ, ಹಗೆ ಮುಗೀತು ಅಂದ್ಕೋ" ಎಂದರು. ಆವತ್ತಿನಿಂದ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತಿದೆಯಂತೆ.

"ಕೊಯ್ಲಿಗೆ ಬಾ ಅಂತ ಬರಿ" ಎನ್ನುತ್ತಿದ್ದಾರೆ, ಬರೆದಿದ್ದೇನೆ. ಹಿಂದಿನ ಪತ್ರದಲ್ಲಿ ನೀವೇ ಹೇಳಿದ್ದಿರಿ, ಊರೆಲ್ಲ ಚಪ್ಪರದ ಕೆಳಗಿರುವ ದಿನ ಬುಟ್ಟಿ ಹೊತ್ತ ಇನ್ನೊಂದು ಬೆನ್ನನ್ನು ಯಾರೂ ಗುರುತಿಸುವುದಿಲ್ಲ ಎಂದು. ಕೆಳಗಿನ ಶಿಲುಬೆ ಗುರುತು ಮಾವನದು, ಅದರ ಜೊತೆ ಅವರ ಆಶೀರ್ವಾದ. ಮಿಲಿಯಾಳ ಮುತ್ತು. ಮಾತೆ ಮರಿಯಾ ನಿಮ್ಮನ್ನು ಕಾಯಲಿ.

ನಿಮ್ಮ
ಗ್ರಾಶಿಯಾನ
✝

ತಾ.ಕ.: ಮಾವ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದಾರೆ, ದೋಣಿಯವನು ಅವಸರ ಮಾಡುತ್ತಿದ್ದಾನೆ. ಕೊಯ್ಲಿಗೆ ಬರಬೇಡಿ. ಆವತ್ತು ಲೂಕಾಸ್ ಕುಡಿಯುತ್ತ, "ಮುದುಕನಾದೆ ಕೋಸ್ಮೆ, ನಿನ್ನ ಚಪ್ಪರ ಇನ್ನು ಸೌದೆಗೇ ಸರಿ" ಎಂದು ಕೆಣಕಿದ. ಮಾವನಿಗೆ ತಡೆಯಲಾಗಲಿಲ್ಲ. "ಕೊಯ್ಲಿಗೆ ನನ್ ಮಗ ಬರ್ತಾನೆ, ಆಗ ಬಂದು ನೋಡು" ಎಂದುಬಿಟ್ಟರು. ಬುಧವಾರ ಪೇಟೆಯ ಬೂಟು ಹಾಕಿದ ಇಬ್ಬರು ಬಂದು ಕೂತರು. ಲೋಟ ಮುಟ್ಟಲಿಲ್ಲ, ಕೊಯ್ಲಿಗೆ ಹೊರಗಿನವರು ಯಾವ ದಾರಿಯಲ್ಲಿ ಬರುತ್ತಾರೆ ಎಂದು ಮಿಲಿಯಾಳನ್ನು ಕೇಳಿದರು. ಮಾವ ಆಗ ತೋಟದಲ್ಲಿದ್ದರು, ಅವರಿಗೆ ಗೊತ್ತಿಲ್ಲ. ಹತ್ತು ವರ್ಷ ಕಾದವಳು ನಾನೇ ಬರಬೇಡಿ ಎಂದು ಬರೆಯುತ್ತಿದ್ದೇನೆ, ನನ್ನ ಹಣೆಬರಹ ನೋಡಿ. ಮಾವನಿಗೆ ಏನೂ ಹೇಳುವುದಿಲ್ಲ. ಕೊಯ್ಲಿನ ದಿನ ಅವರು ದಾರಿ ನೋಡುತ್ತಾರೆ, ಕತ್ತಲಾದ ಮೇಲೆ ಮಗನಿಗೆ ಅಪ್ಪ ಬೇಡವಾದ ಎಂದು ನಿಮ್ಮನ್ನು ಬೈಯುತ್ತಾರೆ. ನಾನೂ ಹೌದು ಮಾವ ಎನ್ನುತ್ತೇನೆ. ತನ್ನ ಬಾಯಿಂದಲೇ ಮಗನನ್ನು ಹಿಡಿದುಕೊಡುತ್ತಿದ್ದೆ ಎಂದು ಆ ಜೀವಕ್ಕೆ ತಿಳಿಯುವುದಕ್ಕಿಂತ ಅದೇ ಮೇಲು.