ಅಮ್ಮನ ಸೊಟ್ಟ ಕಿಟಕಿ

ಎಲ್ಮ್‌ಡೇಲ್, ಓಹಿಯೊ
14 ಸೆಪ್ಟೆಂಬರ್ 1986

ಪ್ರೀತಿಯ ಅಕ್ಕ ಲವೀನಿಯಾ,

ನಿನ್ನ ಮೊಣಕಾಲು ಹೇಗಿದೆ? ಅರಿಜೋನಾದ ಬಿಸಿಲು ಒಗ್ಗಿದೆ ಎಂದು ಒಮ್ಮೆ ಬರೆದೆ, ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದು ಇನ್ನೊಮ್ಮೆ ಬರೆದೆ. ಯಾವುದನ್ನು ನಂಬಲಿ? ನಾನು ಗಟ್ಟಿಮುಟ್ಟಾಗಿದ್ದೇನೆ, ತಲೆ ಮಾತ್ರ ಕೆಟ್ಟಿದೆ. ಕೆಡಿಸಿದವರು ರೈಲು ಮ್ಯೂಸಿಯಂನವರು.

ನಮ್ಮ ಆ ಹಳೇ ರೈಲು ಗಾಡಿಯನ್ನು ನಾವಿಬ್ಬರೂ ಒಪ್ಪಿಯೇ ಅವರಿಗೆ ಕೊಟ್ಟೆವು, ನಿಜ. ಸರೋವರದ ದಡದಲ್ಲಿ ಕೊಳೆಯುವ ಬದಲು ಮತ್ತೆ ಹಳಿಯ ಮೇಲೆ ಓಡಲಿ ಎಂದವಳು ನೀನೇ. ಆದರೆ ನಾವು ಬೆಳೆದ ಮನೆಯನ್ನು ಇವರು ಹೀಗೆ ಸುಲಿಯುತ್ತಾರೆಂದು ಯಾರಿಗೆ ಗೊತ್ತಿತ್ತು? ಲೈನು ಮುಚ್ಚಿದಾಗ ಅಪ್ಪ ಅದನ್ನು ಕೊಂಡು ದಡಕ್ಕೆ ಎಳೆಸಿದ್ದು, ನಾವು ಅದರೊಳಗೆ ಸಂಸಾರ ಮಾಡಿದ್ದು, ಎಲ್ಲವೂ ಇವರ ಪಾಲಿಗೆ ಗಾಡಿಗೆ ಬಂದ ರೋಗ. 1913ರಲ್ಲಿ ಗಾಡಿ ತಯಾರಾದಾಗ ಹೇಗಿತ್ತೋ ಹಾಗೇ ಆಗಬೇಕಂತೆ. ಅಮ್ಮ ಬಳಿದ ಹಳದಿ ಬಣ್ಣವನ್ನು ಉಜ್ಜಿ ಉಜ್ಜಿ ತೆಗೆದರು. ಅಡಿಯಲ್ಲಿ ಹಸಿರು ಕಂಡದ್ದೇ ತಡ, ಮ್ಯೂಸಿಯಂನ ಮುದುಕರೆಲ್ಲ ಕುಣಿದಾಡಿದರು. ಆ ಹಸಿರು ಎಷ್ಟು ಕಡು ಎಂಬ ಜಗಳದಲ್ಲೇ ಬೇಸಿಗೆ ಕಳೆಯಿತು. ಇಬ್ಬರು ಈಗಲೂ ಒಂದೇ ಮೇಜಿನಲ್ಲಿ ಕಾಫಿ ಕುಡಿಯುವುದಿಲ್ಲ.

ಇವರ ಯಜಮಾನ ಡೆಲ್ಬರ್ಟ್ ಕ್ರಾಟ್ಜ್, ಪೋಸ್ಟ್‌ಮ್ಯಾನ್ ಆಗಿ ನಿವೃತ್ತನಾದವನು. "ಇದು ನಿಮ್ಮನೆ ಅಲ್ಲ ಕಣೋ ಆರ್ವಿಲ್, ನಲವತ್ತೊಂದನೇ ನಂಬರ್ ಗಾಡಿ" ಎಂದು ನಾನು ಕೈಜೋಡಿಸಲು ಹೋಗುವ ಪ್ರತಿ ಶನಿವಾರ ಪಾಠ ಹೇಳುತ್ತಾನೆ. ಅವನ ಕಣ್ಣೆಲ್ಲ ಅಮ್ಮನ ಕಿಟಕಿಯ ಮೇಲೆ. "ಆ ಸೊಟ್ಟ ತೂತು ಯಾವಾಗ ಮುಚ್ತೀಯಪ್ಪಾ?" ಅಲ್ಲಿ ಬಡಗಿ ಕೆಲಸ ಬಲ್ಲವನು ನಾನೊಬ್ಬನೇ, ನನ್ನ ಕರ್ಮ! ಸಾಮಾನು ಇಡುವ ಆ ಕತ್ತಲ ಮೂಲೆಯೇ ನಮ್ಮ ಅಡುಗೆಮನೆಯಾದಾಗ ಅಮ್ಮ ಅಂದದ್ದು ನೆನಪಿದೆಯಾ? "ಗೋಡೆ ನೋಡ್ಕೊಂಡು ಪಾತ್ರೆ ತೊಳೆಯೋಕೆ ನಾನೇನು ಜೈಲಲ್ಲಿದ್ದೀನಾ?" ಅಪ್ಪ ಅವತ್ತೇ ಗರಗಸ ಹಿಡಿದರು. ಸೊಟ್ಟಗಾದರೇನು, ಸರೋವರ ಕಂಡಿತಲ್ಲ! ಇದನ್ನೆಲ್ಲ ಹೇಳಿದರೆ ಡೆಲ್ಬರ್ಟ್, "1913ರಲ್ಲಿ ನಿಮ್ಮಮ್ಮ ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ರು ಬಿಡು" ಎಂದು ಡೋನಟ್ ಕಚ್ಚುತ್ತಾನೆ. ಮೈ ಉರಿಯುತ್ತದೆ.

ಕಿಟಕಿ ಮುಚ್ಚಿದರೆ ಗಾಡಿಯ ಉದ್ಘಾಟನೆಗೆ ಬರುವುದಿಲ್ಲ ಎಂದು ನೀನು ಬರೆದಾಗಿನಿಂದ ನಾನು ಅವನಿಗೆ ವಾರಕ್ಕೊಂದು ನೆಪ ಹೇಳಿದೆ. ಹಲಗೆ ಒಣಗಿಲ್ಲ, ಗರಗಸ ಮೊಂಡು, ಸೊಂಟ ಹಿಡಿದಿದೆ. ನಿನ್ನೆ ನೆಪಗಳೂ ಮುಗಿದವು. ಅಕ್ಕ, ಮುಚ್ಚಿಬಿಟ್ಟೆ. ಡೆಲ್ಬರ್ಟ್ ಬಂದು ಹಲಗೆಯ ಮೇಲೆ ಕೈಯಾಡಿಸಿ, "ಗುರುತೇ ಸಿಗಲ್ಲ ನೋಡು" ಎಂದು ನನ್ನ ಬೆನ್ನು ತಟ್ಟಿದ. ಆ ಶಭಾಷ್‌ಗಿರಿಗಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಆ ಗಾಡಿಯಲ್ಲಿ ಬದುಕಿದವರು ಈಗ ನಾವಿಬ್ಬರೇ. ನೀನಿಲ್ಲದೆ ಅದನ್ನು ಹತ್ತಲು ನನಗೆ ಮನಸ್ಸಿಲ್ಲ.

ಭಾವನನ್ನು ಕೇಳಿದೆನೆಂದು ಹೇಳು. ಆಶೀರ್ವಾದವೋ ಬೈಗುಳವೋ, ಏನಾದರೂ ಬೇಗ ಕಳಿಸು.

ನಿನ್ನ ತಮ್ಮ,
ಆರ್ವಿಲ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದಿಷ್ಟು. ಡೆಲ್ಬರ್ಟ್‌ಗೆ ಹೇಳಿಲ್ಲ, ನೀನೂ ಹೇಳಬೇಡ. ಕಿಟಕಿಯನ್ನು ನಾನು ಕೀಳಲಿಲ್ಲ. ಚೌಕಟ್ಟು, ಗಾಜು ಎಲ್ಲ ಇದ್ದಲ್ಲೇ ಇವೆ, ಹೊರಗೊಂದು ಹಲಗೆ, ಒಳಗೊಂದು ಹಲಗೆ, ಅಷ್ಟೆ. ಹೊರಗಿನದಕ್ಕೆ ಮೊಳೆ ಹೊಡೆದಿದ್ದೇನೆ, ಒಳಗಿನದಕ್ಕೆ ಬರೀ ಸ್ಕ್ರೂ. ನೀನು ಉದ್ಘಾಟನೆಗೆ ಬಂದರೆ, ಎಲ್ಲರೂ ಹೊರಗೆ ಹಣ್ಣಿನ ಪೈ ತಿನ್ನುತ್ತಿರುವಾಗ ಒಳಗಿನದನ್ನು ಬಿಚ್ಚುತ್ತೇನೆ. ಸರೋವರವೇನೂ ಕಾಣುವುದಿಲ್ಲ. ಆದರೆ ಗಾಜಿನ ಮೂಲೆಯಲ್ಲಿ ಅಮ್ಮನ ಹಳದಿ ಬಣ್ಣದ ಹನಿಯೊಂದು ಇನ್ನೂ ಇದೆ. ಉಜ್ಜಲು ಯಾರ ಕೈಗೂ ಸಿಕ್ಕಿಲ್ಲ. ಬಾ.