ಮೈಲೇಜು ಕಡಿಮೆಯಾದ ಕಾರಣ

ಮಗನೇ,

ಇವತ್ತು ಬೆಳಗಾಗುವ ಮೊದಲೇ ಧೂಳುಗಾಳಿ ಎದ್ದಿದೆ, ಕಿಟಕಿ ಹಾಕಿಕೋ.

ಕಾರು ಮೈಲೇಜು ಕೊಡುತ್ತಿಲ್ಲ, ಪೆಟ್ರೋಲಿನ ಅಳತೆಯಲ್ಲೇ ಮೋಸ ಎಂದು ನಿನ್ನೆ ಬಂಕಿನವನ ಮುಖವನ್ನು ಕಾರಿನ ಬಾಗಿಲಿಗೆ ಜಜ್ಜಿದೆಯಲ್ಲ, ಆ ರಕ್ತವನ್ನು ನಾನು ಈಗ ಒರೆಸಿದೆ. ಒರೆಸಲು ಕೂತಾಗ ಕಂಡಿತು, ನಾಲ್ಕು ಟೈರಿನಲ್ಲೂ ಗಾಳಿ ಇಳಿದಿದೆ. ದೇವರು ಪುಕ್ಕಟೆ ಕೊಟ್ಟ ಗಾಳಿ ತುಂಬಿಸದೆ ನೀನು ಒಬ್ಬನ ಹಲ್ಲು ಉದುರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಗಾಳಿ ನಾನು ತುಂಬಿಸಿಕೊಂಡು ಬರುತ್ತೇನೆ. ನೀನು ನಡೆದೇ ಹೋಗಿ ಅವನ ಕಾಲಿಗೆ ಬೀಳು. ಪೊಲೀಸರಿಗೆ ಹೇಳುವುದು ಬಿಡುವುದು ಅವನಿಗೆ ಸೇರಿದ್ದು.

ರಾತ್ರಿ ನೀನು ಮಲಗಿದ್ದಾಗ ಅವನೇ ಬಂದಿದ್ದ. ಬಾಯಿ ಬಾತುಹೋಗಿತ್ತು.

"ನಿಮ್ಮ ಮಗ ಟ್ಯಾಂಕಿನ ಮುಚ್ಚಳ ಬಂಕಲ್ಲೇ ಬಿಟ್ಟು ಹೋಗಿದ್ರು ಯಜಮಾನ್ರೇ. ಅದಿಲ್ದೆ ಓಡ್ಸಿದ್ರೆ ಪೆಟ್ರೋಲ್ ಆವಿಯಾಗಿ ಹೋಗುತ್ತೆ," ಎಂದು ಅದನ್ನು ನನ್ನ ಕೈಗಿಟ್ಟು ಹೊರಟುಹೋದ.