ಮರೆವಿನವರ ಕೋಣೆಗೆ ಬಿದ್ದ ಬೀಗ

ಹೊಳಲ್ಕೆರೆ, ಮೇ 2006

ಸಮುದಾಯ ಭವನದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ತಾವು ಭವನದ ಹಿಂದಿನ ಕೋಣೆಗೆ ಬೀಗ ಹಾಕಿಸಿದಿರಿ. ಅದರಿಂದ ಏನಾಯಿತೆಂದು ಎದುರಿಗೆ ನಿಂತು ಹೇಳಲು ಮತ್ತೆ ಬಂದರೆ ತಮಗೆ ಪುರುಸೊತ್ತಿರಲಿಲ್ಲ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಿಯಾದ ವರ್ಷವೇ ನನ್ನ ಯಜಮಾನರು ಮೂರ್ತಪ್ಪನವರು ತೀರಿಕೊಂಡರು. ಮಕ್ಕಳಿಲ್ಲ. ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗದೆ ಎಷ್ಟೋ ದಿನ ಮಂಡಕ್ಕಿ ತಿಂದು ಮಲಗಿದ್ದೇನೆ. ಹೀಗಿರುವಾಗ ಒಂದು ಮಧ್ಯಾಹ್ನ, ಹಿಂದಿನ ಬೀದಿಯ ಮರುಳಸಿದ್ದಮ್ಮನವರನ್ನು ಪಡಸಾಲೆಯ ಕಂಬಕ್ಕೆ ಕಟ್ಟಿರುವುದನ್ನು ಕಂಡೆ. ಬಸ್ ಸ್ಟ್ಯಾಂಡಿನ ಪಕ್ಕ ಖಾನಾವಳಿ ಇಟ್ಟು ಊರಿಗೆಲ್ಲ ಉಣಬಡಿಸಿದ ಹೆಂಗಸು. ಕಾಲಿಗೆ ಹಳೆ ಸೀರೆಯ ಹರಕು ಬಿಗಿದಿತ್ತು.

ಮಗ ಕೊಟ್ರೇಶನನ್ನು ಬೈಯಲೆಂದೇ ಹೋದೆ. ಅವನು ತಲೆ ಎತ್ತಲಿಲ್ಲ.

"ಬಿಟ್ರೆ ಯಾರ್ ಮನೆಗಾದ್ರೂ ನುಗ್ಗಿ ಒಲೆ ಹಚ್ತಾಳೆ ಅಕ್ಕಾ. ಹೋದ್ವಾರ ಸೆರಗಿಗೇ ಬೆಂಕಿ ಹತ್ತಿತ್ತು. ನಾನು ಅಂಗಡಿ ಮುಚ್ಚಿ ಕುಂತ್ರೆ ಮನೆ ಹೆಂಗ್ ನಡಿಬೇಕು?"

ಮಧ್ಯಾಹ್ನದ ಹೊತ್ತು ನಾನಿರುತ್ತೇನೆ, ಕಟ್ಟಬೇಡ ಎಂದೆ.

ಮೊದಮೊದಲು ಆಕೆ ನನ್ನನ್ನು ಕಳ್ಳಿ ಎಂದು ದೂಡಿದರು, ಒಮ್ಮೆ ಕೈ ಕಚ್ಚಿದರು. ಬಿಟ್ಟುಬಿಡೋಣವೆಂದುಕೊಂಡ ದಿನ, ಏನು ತೋಚಿತೋ, ರೊಟ್ಟಿ ಹಿಟ್ಟು ಕಲಸಿ ಮುಂದಿಟ್ಟೆ. ಮಗನ ಹೆಸರು ಮರೆತಿದ್ದ ಆ ಹೆಂಗಸು ದುಂಡಗೆ ರೊಟ್ಟಿ ತಟ್ಟಿದರು. ನಾನು ಬೇಯಿಸಿದೆ. ಮೊದಲ ರೊಟ್ಟಿಯನ್ನು ನನ್ನ ಮುಂದೆಯೇ ಇಟ್ಟು, "ಬಸ್ಸಿಗಿನ್ನೂ ಹೊತ್ತೈತೆ, ಉಂಡ್ಕಂಡು ಹೋಗವ್ವ" ಎಂದರು. ಯಜಮಾನರು ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅಂದೇ. ಮರುದಿನ ಎದ್ದಾಗ ಮಧ್ಯಾಹ್ನ ಬೇಗ ಆಗಲಿ ಅನ್ನಿಸಿತು. ಸೇವೆ ಮಾಡಿದೆನೆಂದು ನಾನು ಹೇಳಿಕೊಳ್ಳುತ್ತಿಲ್ಲ. ಅಲ್ಲಿ ಬದುಕಿಕೊಂಡವಳು ನಾನು.

ಸುದ್ದಿ ಹರಡಿ ಇನ್ನೂ ಕೆಲವರು ಬಂದರು. ಕಂಬಳಿ ನೇಯುತ್ತಿದ್ದ ಗಂಗಾಧರಪ್ಪನವರನ್ನು ಸೊಸೆ ಚೈತ್ರಾ ಕರೆತಂದಳು. ಉಣ್ಣೆಯ ನೂಲು ಕೊಟ್ಟರೆ ಉಂಡೆ ಸುತ್ತುತ್ತ ಸಂಜೆಯವರೆಗೂ ಕೂರುವರು. ಇದು ಹುಚ್ಚಲ್ಲ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಎಂದು ಚಿತ್ರದುರ್ಗದ ವೈದ್ಯರೊಬ್ಬರು ನಮಗೆ ತಿಳಿಸಿಕೊಟ್ಟರು. ತಮಗಿಂತ ಮುಂಚೆ ಇದ್ದ ಅಧಿಕಾರಿಗಳು ಮುರಿದ ಕುರ್ಚಿ ತುಂಬಿದ್ದ ಭವನದ ಆ ಹಿಂದಿನ ಕೋಣೆಯನ್ನು ನಮಗೆ ಬಾಯಿಮಾತಿನಲ್ಲೇ ಬಿಟ್ಟುಕೊಟ್ಟರು. ಎರಡು ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೆ ತಾವು ಬಂದಿರಿ. ಭವನ ನೋಡಲು ಬಂದ ತಮ್ಮ ಕೈಹಿಡಿದು ಮರುಳಸಿದ್ದಮ್ಮನವರು ಊಟಕ್ಕೆ ಕರೆದರು. ತಾವು ಕೈ ಕೊಡವಿಕೊಂಡಿರಿ. ಮರುದಿನ ಬೆಳಗ್ಗೆ ಬೀಗ! ಸಾರ್ವಜನಿಕ ಆಸ್ತಿಯ ದುರ್ಬಳಕೆಯಂತೆ. ಮುರಿದ ಕುರ್ಚಿಗಳಿಗಿರುವ ಹಕ್ಕು ಮುಪ್ಪಿನವರಿಗಿಲ್ಲವೇ, ಸ್ವಾಮಿ?

ಕೇಳಲೆಂದು ತಮ್ಮ ಕಚೇರಿಗೆ ಓಡಿ ಬಂದೆ. ಮಧ್ಯಾಹ್ನ ದಾಟುವವರೆಗೆ ಬೆಂಚಿನ ಮೇಲೆ ಕೂರಿಸಿದಿರಿ. ಒಳಗೆ ಕರೆದು, ವಯಸ್ಸಾದ ಮೇಲೆ ಮರೆವು ಸಹಜ, ಮನೆಯವರೇ ನೋಡಿಕೊಳ್ಳಲಿ ಎಂದು ಕಳಿಸಿದಿರಿ. ಅದೇ ಹೊತ್ತಿಗೆ ಚೈತ್ರಾ ಎಂದಿನಂತೆ ಮಾವನನ್ನು ಭವನದ ಗೇಟಿನ ಬಳಿ ಬಿಟ್ಟು ಹೊಲಿಗೆ ಅಂಗಡಿಗೆ ಹೋಗಿದ್ದಳು. ಬೀಗದ ವಿಷಯ ಅವಳಿಗೆ ಹೇಳಿದವರು ಯಾರು? ಗಂಗಾಧರಪ್ಪನವರು ಬಾಗಿಲು ತಟ್ಟಿದ್ದನ್ನು ಎದುರಿನ ಅಂಗಡಿಯವರು ನೋಡಿದ್ದಾರೆ. ಆಮೇಲೆ ಅವರು ಏಪ್ರಿಲ್ ಬಿಸಿಲಿನಲ್ಲಿ, ಹುಟ್ಟೂರಾದ ತಾಳ್ಯದ ದಾರಿ ಹಿಡಿದು ನಡೆದರು.

ಸಂಜೆ ಹುಡುಕುತ್ತ ಹೋದವರಿಗೆ ರಸ್ತೆ ಪಕ್ಕದ ಚರಂಡಿಯಲ್ಲಿ ಸಿಕ್ಕರು. ಸೊಂಟದ ಮೂಳೆ ಮುರಿದಿತ್ತು. ಮತ್ತೆ ಏಳಲಿಲ್ಲ, ಹೋದ ವಾರ ಮಣ್ಣು ಮಾಡಿ ಬಂದೆವು. ಚೈತ್ರಾ ನನ್ನನ್ನು ಹಿಡಿದುಕೊಂಡು ಒಂದೇ ಮಾತು ಆಡುತ್ತಿದ್ದಳು: "ಗೇಟ್ ಹತ್ರಾನೇ ಬಿಟ್ಟು ಹೋದ್ನಲ್ಲ ಅಕ್ಕಾ. ಬಾಗ್ಲು ತೆಗ್ದೈತೋ ಇಲ್ವೋ ನೋಡ್ಲೇ ಇಲ್ಲ."

ಕೊಂದವರು ತಾವೆಂದು ನಾನು ಹೇಳುವುದಿಲ್ಲ. ಆದರೆ ಆ ಹೆಣ್ಣುಮಗಳು ಜೀವಮಾನವೆಲ್ಲ ಹೊರಬೇಕಾದ ಭಾರದಲ್ಲಿ ತಮ್ಮ ಪಾಲು ಎಷ್ಟೆಂದು ಕೇಳುತ್ತೇನೆ. ಮನೆಯವರು ನೋಡಿಕೊಳ್ಳಲಿ ಎಂದಿರಲ್ಲ, ನೋಡಿಕೊಳ್ಳುತ್ತಲೇ ಇದ್ದಾರೆ. ದುಡಿಯಲು ಹೋಗುವ ಹೊತ್ತಿನಲ್ಲಿ ಬಾಗಿಲಿಗೆ ಚಿಲಕ ಹಾಕಿ, ಕಾಲಿಗೆ ಹಗ್ಗ ಕಟ್ಟಿ, ದಾರಿಯುದ್ದಕ್ಕೂ ಅಳುತ್ತ ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಬೇಕಾದದ್ದು ದಿನಕ್ಕೆ ನಾಲ್ಕು ಗಂಟೆಯ ನೆರಳು. ಅದನ್ನು ಕೊಡಲು ನಾನಿದ್ದೆ, ತಮ್ಮಿಂದ ಒಂದು ರೂಪಾಯಿ ಕೇಳದೆ.

ಕೋಣೆ ತೆರೆಸಿ. ಮಧ್ಯಾಹ್ನದ ಹೊತ್ತು ನಮಗೆ ಬಿಟ್ಟಿರುವುದಾಗಿ ಲಿಖಿತ ಆದೇಶ ಕೊಡಿ. ತಿಂಗಳಿಗೊಮ್ಮೆ ಸರ್ಕಾರಿ ವೈದ್ಯರು ಬಂದು ನೋಡುವಂತೆ ಮಾಡಿ. ಮುಂದೆಂದಾದರೂ ಮುಚ್ಚಲೇಬೇಕಾದರೆ ಮೊದಲು ಮನೆಮನೆಗೆ ತಿಳಿಸಿ. ಅಲ್ಲಿಗೆ ಬರುವವರು, ಬಾಗಿಲು ಮುಚ್ಚಿದೆ ಎಂದು ಹತ್ತು ಸಲ ಹೇಳಿದರೂ ನೆನಪಿಟ್ಟುಕೊಳ್ಳಲಾರದವರು.

ಇಂತಿ,
ಕೋಣೆಯಿಲ್ಲದೆ ಒಬ್ಬಳೇ ಎಷ್ಟು ಮನೆಗೆ ಓಡಲಿ ಎಂದು ತಿಳಿಯದಾಗಿರುವ
ಅನುಸೂಯ